ಬ್ರೇಕ್ ವಾರ್ನಿಂಗ್ ಲೈಟ್ ಹತ್ತಿದೆಯಾ? ಆಯಿಲ್ ಹಾಕಿಸುವ ಮೊದಲು ಇದನ್ನು ಓದಿ

ಮೀಟರ್ ಬೋರ್ಡಿನಲ್ಲಿ ಒಂದು ಕೆಂಪು ವೃತ್ತ, ಒಳಗೆ ಆಶ್ಚರ್ಯಸೂಚಕ ಚಿಹ್ನೆ, ಎರಡೂ ಪಕ್ಕದಲ್ಲಿ ಬಾಗಿದ ಗೆರೆ. ಇದು ಹತ್ತಿಕೊಂಡಾಗ ನಮ್ಮಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಹ್ಯಾಂಡ್‌ಬ್ರೇಕ್ ಒಮ್ಮೆ ಎತ್ತಿ ಇಳಿಸಿ, ‘ಏನೋ ಸೆನ್ಸರ್ ಪ್ರಾಬ್ಲಂ ಇರಬೇಕು, ಬಿಡು’ ಅಂತ ಓಡಿಸುತ್ತಾ ಹೋಗುವುದು ಒಂದು. ದಾರಿಯಲ್ಲಿ ಸಿಕ್ಕ ಗ್ಯಾರೇಜಿನಲ್ಲಿ ನಿಲ್ಲಿಸಿ ಬ್ರೇಕ್ ಆಯಿಲ್ ಹಾಕಿಸುವುದು ಇನ್ನೊಂದು. ಎರಡನೆಯದು ಜವಾಬ್ದಾರಿಯ ಕೆಲಸದಂತೆ ಕಾಣುತ್ತದೆ, ಲೈಟೂ ಆರುತ್ತದೆ. ಆದರೆ ನನ್ನನ್ನು ಕೇಳಿದರೆ ಜಾಸ್ತಿ ಮೋಸ ಮಾಡುವುದು ಇದೇ.

ಯಾಕೆ ಅಂದರೆ ಬ್ರೇಕ್ ಆಯಿಲ್ ಇಂಜಿನ್ ಆಯಿಲ್ ಥರ ಓಡಿದಷ್ಟೂ ಸುಟ್ಟು ಕಡಿಮೆಯಾಗುವ ವಸ್ತು ಅಲ್ಲ. ಅದು ಮುಚ್ಚಿದ ಪೈಪುಗಳ ಒಳಗೇ ಇರುತ್ತದೆ. ಬಾನೆಟ್ ಕೆಳಗಿನ ಆಯಿಲ್ ಡಬ್ಬಿಯಲ್ಲಿ ಕಡಿಮೆಯಾಗಿದೆ ಅಂದರೆ ಎಲ್ಲಿಗೋ ಹೋಗಿದೆ. ಒಂದೋ ಚಕ್ರದ ಡಿಸ್ಕನ್ನು ಉಜ್ಜಿ ನಿಲ್ಲಿಸುವ ಪ್ಯಾಡ್ ಸವೆದು, ಆ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಒಳಗೆ ಇಳಿದಿದೆ, ಇಲ್ಲಾ ಎಲ್ಲೋ ಸೋರಿದೆ. ಎಲ್ಲಿಗೆ ಹೋಯಿತು ಅಂತ ಕೇಳದೆ ಮೇಲಿಂದ ಸುರಿದರೆ ಎಚ್ಚರಿಕೆ ಮಾತ್ರ ಆರುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ.

ಇಲ್ಲಿ ಬರೆದಿರುವುದು ನಮ್ಮ ಕಡೆ ಜಾಸ್ತಿ ಓಡಾಡುವ ಸಾಮಾನ್ಯ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಸೀಟಿನ ಪಕ್ಕ ಕೈಯಲ್ಲಿ ಎಳೆಯುವ ಹ್ಯಾಂಡ್‌ಬ್ರೇಕ್. ನಿಮ್ಮದು ನಾಲ್ಕೂ ಡಿಸ್ಕ್ ಇರುವ ಗಾಡಿಯಾದರೂ ಮುಕ್ಕಾಲು ಪಾಲು ಇದೇ ಲೆಕ್ಕ. ಬಟನ್ ಒತ್ತುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಹಿಂದಿನ ಪ್ಯಾಡ್‌ಗೆ ಮಾತ್ರ ನೀವೇ ಕೈ ಹಾಕಬೇಡಿ. ಅದನ್ನು ಸ್ಕ್ಯಾನರ್ ಹಾಕಿ ಸರ್ವೀಸ್ ಮೋಡಿಗೆ ತಂದೇ ಬಿಚ್ಚಬೇಕು.

ಮೊದಲು, ಓಡುತ್ತಿರುವಾಗಲೇ ಹತ್ತಿದರೆ

ಗಾಬರಿಯಾಗಿ ಗಕ್ಕನೆ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್ ಬಿಡಿ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಆಮೇಲೆ ಪೆಡಲನ್ನು ಮೆಲ್ಲಗೆ ತುಳಿದು ನೋಡಿ. ಎಂದಿನಂತೆ ಗಟ್ಟಿಯಾಗಿ, ಎಂದಿನ ಎತ್ತರದಲ್ಲೇ ಹಿಡಿಯುತ್ತಿದ್ದರೆ ಹಜಾರ್ಡ್ ಲೈಟ್ ಹಾಕಿಕೊಂಡು ಎಡಕ್ಕೆ ಬಂದು ಜಾಗ ನೋಡಿ ನಿಲ್ಲಿಸಿ. ಪೆಡಲ್ ಹತ್ತಿಯಂತೆ ಒಳಗೆ ಹೋಗುತ್ತಿದ್ದರೆ ಪಟಪಟನೆ ನಾಲ್ಕೈದು ಸಲ ತುಳಿಯಿರಿ, ಸ್ವಲ್ಪ ಒತ್ತಡ ಸಿಗುವ ಸಾಧ್ಯತೆ ಇದೆ. ಜೊತೆಗೆ ಒಂದೊಂದೇ ಗೇರ್ ಇಳಿಸುತ್ತಾ ಬನ್ನಿ. ಆಟೋಮ್ಯಾಟಿಕ್ ಗಾಡಿಯಾದರೆ ಮ್ಯಾನುಯಲ್ ಮೋಡಿಗೆ ಅಥವಾ ಲೋ ಗೇರಿಗೆ ಹಾಕಿ. ವೇಗ ಇಳಿದ ಮೇಲೆ ಹ್ಯಾಂಡ್‌ಬ್ರೇಕಿನ ತುದಿಯ ಬಟನ್ ಒತ್ತಿ ಹಿಡಿದುಕೊಂಡೇ ನಿಧಾನವಾಗಿ ಎಳೆಯಿರಿ. ಬಟನ್ ಒತ್ತಿದ್ದರೆ ಹಿಂದಿನ ಚಕ್ರ ಜಾರಿದ ತಕ್ಷಣ ಸಡಿಲ ಮಾಡಬಹುದು. ಹ್ಯಾಂಡ್‌ಬ್ರೇಕಿಗೆ ಆಯಿಲ್ ಸಂಬಂಧ ಇಲ್ಲ, ಅದು ಕೇಬಲ್ ಮೇಲೆ ಕೆಲಸ ಮಾಡುತ್ತದೆ, ಆದ್ದರಿಂದ ಆಯಿಲ್ ಪೂರ್ತಿ ಹೋಗಿದ್ದರೂ ಅದು ಉಳಿದಿರುತ್ತದೆ.

ಗಾಡಿ ನಿಲ್ಲುವವರೆಗೆ ಇಂಜಿನ್ ಆಫ್ ಮಾಡಬೇಡಿ. ಆಫ್ ಮಾಡಿದರೆ ಪೆಡಲನ್ನು ಹಗುರ ಮಾಡುವ ಬೂಸ್ಟರಿಗೆ ಗಾಳಿ ಎಳೆತ (ವ್ಯಾಕ್ಯೂಮ್) ಸಿಗದೆ ಪೆಡಲ್ ಕಲ್ಲಾಗುತ್ತದೆ, ಸ್ಟೇರಿಂಗೂ ಭಾರವಾಗುತ್ತದೆ.

ಈ ಲೈಟಿಗೆ ವೈರ್ ಎಲ್ಲಿಂದ ಬರುತ್ತದೆ

ಇದು ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗೇ ಅರ್ಥವಾಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಈ ಒಂದು ಕೆಂಪು ಲೈಟನ್ನು ಹತ್ತಿಸಬಲ್ಲವರು ಮೂವರು. ಹ್ಯಾಂಡ್‌ಬ್ರೇಕ್ ಲಿವರ್‌ನ ಬುಡದಲ್ಲಿರುವ ಒಂದು ಸಣ್ಣ ಸ್ವಿಚ್. ಬ್ರೇಕ್ ಆಯಿಲ್ ಡಬ್ಬಿಯೊಳಗೆ ತೇಲುವ ಫ್ಲೋಟ್. ಮತ್ತೆ ಎಬಿಎಸ್, ಅಂದರೆ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಯ ಕಂಪ್ಯೂಟರ್. ಕೆಲವು ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕಿಗೆ ಪಿ ಅಕ್ಷರದ ಲೈಟ್ ಬೇರೆಯೇ ಇರುತ್ತದೆ, ಆದರೆ ಬಜೆಟ್ ಕಾರುಗಳಲ್ಲಿ ಎಲ್ಲಕ್ಕೂ ಒಂದೇ ದೀಪ. ಅದಕ್ಕೇ ‘ಬ್ರೇಕ್ ಲೈಟ್ ಬಂದಿದೆ’ ಅಂತ ಫೋನಿನಲ್ಲಿ ಹೇಳಿದರೆ ಯಾವ ಮೆಕ್ಯಾನಿಕ್ಕೂ ಏನಾಗಿದೆ ಅಂತ ಹೇಳಲಾರ. ಯಾವಾಗ ಬಂತು, ಜೊತೆಗೆ ಯಾವುದು ಬಂತು ಅನ್ನುವುದೇ ಮುಖ್ಯ.

ಕೀ ಆನ್ ಮಾಡಿದಾಗ ಈ ದೀಪ ಒಮ್ಮೆ ಹತ್ತಬೇಕು. ಹ್ಯಾಂಡ್‌ಬ್ರೇಕ್ ಇಳಿಸಿ ಇಂಜಿನ್ ಸ್ಟಾರ್ಟ್ ಮಾಡಿದ ಮೇಲೆ ಆರಬೇಕು. ಶುರುವಿನಲ್ಲೇ ಹತ್ತದಿದ್ದರೆ ಅದು ಒಳ್ಳೆಯ ಸುದ್ದಿ ಅಲ್ಲ, ದೀಪವೇ ಸತ್ತಿದೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಇದನ್ನು ಮೊದಲು ಪರೀಕ್ಷೆ ಮಾಡಿ. ಹ್ಯಾಂಡ್‌ಬ್ರೇಕ್ ಎತ್ತಿದಾಗ ದೀಪ ಬರಬೇಕು. ಆಮೇಲೆ ಬಾನೆಟ್ ಎತ್ತಿ ಆಯಿಲ್ ಡಬ್ಬಿಯ ಕನೆಕ್ಟರ್ ಹಾಕಿದ್ದಾರಾ ಅಂತಲೂ ನೋಡಿ. ಅದನ್ನು ಕಿತ್ತಿಟ್ಟರೆ ಬಹುತೇಕ ಗಾಡಿಗಳಲ್ಲಿ ಲೈಟ್ ಸುಮ್ನೆ ಆರಿಬಿಡುತ್ತದೆ, ಕಣ್ಣಿಗೆ ಬೀಳುವುದೂ ಇಲ್ಲ.

ಹಂತ 1: ಬಣ್ಣ ನೋಡಿ, ಜೊತೆಗಾರರನ್ನು ನೋಡಿ

ಕೆಂಪು ಒಂದೇ ಹತ್ತಿದ್ದರೆ ಹ್ಯಾಂಡ್‌ಬ್ರೇಕ್ ಅಥವಾ ಆಯಿಲ್. ಮುಂದಿನ ಹಂತಗಳು ಇದಕ್ಕೇ.

ಹಳದಿ ಎಬಿಎಸ್ ಲೈಟ್ ಒಂದೇ ಹತ್ತಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತಿದೆ. ಆದರೆ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ರಜೆ ಹಾಕಿದೆ. ಮಳೆಯಲ್ಲಿ ಗಾಡಿ ಜಾರುತ್ತದೆ, ಅಂತರ ಇಟ್ಟುಕೊಂಡು ಓಡಿಸಿ, ಬೇಗ ತೋರಿಸಿ.

ಕೆಂಪು ಮತ್ತು ಹಳದಿ ಎಬಿಎಸ್ ಎರಡೂ ಒಟ್ಟಿಗೆ ಬಂದು, ಹ್ಯಾಂಡ್‌ಬ್ರೇಕ್ ಇಳಿದಿದ್ದು, ಆಯಿಲ್ ಮಟ್ಟವೂ ಸರಿ ಇದ್ದರೆ? ಇದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮುಂದಿನ ಮತ್ತು ಹಿಂದಿನ ಚಕ್ರಕ್ಕೆ ಬ್ರೇಕ್ ಬಲ ಹಂಚುವ ಇಬಿಡಿ ಕೂಡ ನಿಂತಿರಬಹುದು ಅಂತ ಇದರ ಅರ್ಥ. ಆಗ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಗಿರಕಿ ಹೊಡೆಯಬಹುದು. ಹೈವೇಯಲ್ಲಿ ಇದನ್ನು ಹೊತ್ತುಕೊಂಡು ಊರು ಸೇರುವ ಧೈರ್ಯ ಬೇಡ. ಟೋ ಮಾಡಿಸುವುದೇ ಸರಿ. ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ತೆಗೆದುಕೊಂಡಿದ್ದೀರಾ ಅಂತ ಪಾಲಿಸಿ ತೆರೆದು ನೋಡಿ, ತುಂಬಾ ಜನರಿಗೆ ಅದು ಇರುವುದೇ ನೆನಪಿರುವುದಿಲ್ಲ.

ಬ್ಯಾಟರಿ ಲೈಟ್ ಕೂಡ ಸೇರಿಕೊಂಡಿದ್ದರೆ ಬ್ರೇಕ್ ಬಿಟ್ಟು ಆಲ್ಟರ್ನೇಟರ್ ಕಡೆ ನೋಡಿ. ಕೆಲವು ಕಾರುಗಳಲ್ಲಿ ಚಾರ್ಜಿಂಗ್ ಕೆಟ್ಟಾಗ ಈ ಎರಡೂ ದೀಪ ಜೊತೆಯಾಗಿ ಹತ್ತುತ್ತವೆ.

ಹಂತ 2: ಹ್ಯಾಂಡ್‌ಬ್ರೇಕ್

ಪೂರ್ತಿ ಎತ್ತಿ, ಬಟನ್ ಒತ್ತಿ, ಪೂರ್ತಿ ಕೆಳಗೆ ಇಳಿಸಿ. ಒಂದು ಕ್ಲಿಕ್ ಮೇಲಿದ್ದರೂ ದೀಪ ಉರಿಯುತ್ತದೆ. ಇಳಿಸಿದ ಮೇಲೂ ಉರಿಯುತ್ತಿದ್ದರೆ ಲಿವರನ್ನು ಕೈಯಿಂದ ಕೆಳಕ್ಕೆ ಒತ್ತಿ ಹಿಡಿಯಿರಿ. ಒತ್ತಿದಾಗ ಆರಿ, ಬಿಟ್ಟಾಗ ಹತ್ತಿದರೆ ತಪ್ಪಿತಸ್ಥ ಸಿಕ್ಕ. ಲಿವರ್ ಬುಡದ ಸ್ವಿಚ್ ಪೂರ್ತಿ ಒತ್ತಿಕೊಳ್ಳುತ್ತಿಲ್ಲ. ರಬ್ಬರ್ ಕವರ್ ಎತ್ತಿ ಟಾರ್ಚ್ ಹಿಡಿದು ನೋಡಿದರೆ ಅಲ್ಲಿ ಏನೇನೋ ಸಿಗುತ್ತದೆ: ಧೂಳು, ಕಡಲೆಬೀಜದ ಸಿಪ್ಪೆ, ಮಕ್ಕಳ ಬಿಸ್ಕತ್ತಿನ ಪುಡಿ, ಫಾಸ್ಟ್ಯಾಗ್ ಬರುವುದಕ್ಕೆ ಮುಂಚಿನ ಟೋಲ್ ಚಿಲ್ಲರೆ. ಕ್ಲೀನ್ ಮಾಡಿ. ಆದರೂ ಹಾಗೇ ಇದ್ದರೆ ಸ್ವಿಚ್ ಅಡ್ಜಸ್ಟ್ ಮಾಡಬೇಕು ಅಥವಾ ಬದಲಿಸಬೇಕು, ಅದು ದೊಡ್ಡ ಖರ್ಚಲ್ಲ.

ಇನ್ನೊಂದು ಸಾಧ್ಯತೆ ಇದೆ. ಲಿವರ್ ಇಳಿದಿದೆ, ಆದರೆ ಕೇಬಲ್ ತುಕ್ಕು ಹಿಡಿದು, ಹಿಂದಿನ ಡ್ರಮ್ಮಿನೊಳಗೆ ಒತ್ತಿ ಹಿಡಿಯುವ ಶೂ ಬಿಡುತ್ತಿಲ್ಲ. ಹೀಗಾದರೆ ದೀಪ ಹತ್ತುವುದೇ ಇಲ್ಲ. ಗಾಡಿ ಎಳೆಯುವುದಿಲ್ಲ, ಮೈಲೇಜ್ ಬೀಳುತ್ತದೆ, ಸುಟ್ಟ ವಾಸನೆ ಬರುತ್ತದೆ. ನಿಲ್ಲಿಸಿ ಹಿಂದಿನ ಎರಡೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಜಾಸ್ತಿ ಬಿಸಿ ಬಡಿಯುತ್ತಿದ್ದರೆ ಅದೇ ಹಿಡಿದುಕೊಂಡಿರುವ ಚಕ್ರ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಗಾಡಿಗಳಿಗೆ ಇದು ಮಾಮೂಲು. ಮಟ್ಟಸದ ಜಾಗದಲ್ಲಿ ತುಂಬಾ ದಿನ ನಿಲ್ಲಿಸುವುದಾದರೆ ಗೇರ್‌ನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಬಿಡಿ.

ಹಂತ 3: ಬಾನೆಟ್ ಎತ್ತಿ

ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಡ್ರೈವರ್ ಕಡೆ, ಗಾಜಿನ ಹತ್ತಿರ, ಅರೆಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಸಣ್ಣ ಡಬ್ಬಿ ಇರುತ್ತದೆ. ಕೂಲೆಂಟ್ ಡಬ್ಬಿ, ವೈಪರ್ ನೀರಿನ ಡಬ್ಬಿ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಇದರ ಮುಚ್ಚಳದ ಮೇಲೇ ಡಾಟ್ 3 (DOT 3) ಅಥವಾ ಡಾಟ್ 4 ಅಂತ ಆಯಿಲಿನ ಗ್ರೇಡ್ ಬರೆದಿರುತ್ತದೆ. ಮುಚ್ಚಳ ತೆಗೆಯುವುದು ಬೇಡ, ಹೊರಗಿಂದಲೇ ಮ್ಯಾಕ್ಸ್ ಮತ್ತು ಮಿನ್ ಗೆರೆ ಕಾಣುತ್ತದೆ. ಡಬ್ಬಿ ಹಳದಿಗಟ್ಟಿ ಕಾಣದಿದ್ದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ.

ಮಟ್ಟ ಮಿನ್ ಗೆರೆಯ ಹತ್ತಿರ ಬಂದಾಗಲೇ ಒಂದು ಸ್ಪಷ್ಟ ಸೂಚನೆ ಸಿಗುತ್ತದೆ. ದೀಪ ಸದಾ ಉರಿಯುವುದಿಲ್ಲ. ತಿರುವಿನಲ್ಲಿ, ಇಳಿಜಾರಿನಲ್ಲಿ, ಬ್ರೇಕ್ ಒತ್ತಿದಾಗ ಮಿಣುಕ್ ಅಂತ ಬಂದು ಹೋಗುತ್ತದೆ. ಆಯಿಲ್ ಒಂದು ಪಕ್ಕಕ್ಕೆ ಓಡಿ ಫ್ಲೋಟ್ ಕೆಳಗಿಳಿಯುತ್ತದೆ, ನೇರ ರಸ್ತೆಗೆ ಬಂದಾಗ ಮೇಲೇಳುತ್ತದೆ. ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ದೀಪ ಚಾರ್ಮಾಡಿ ಇಳಿಯುವಾಗ ಕಣ್ಣು ಹೊಡೆಯುವುದು ಇದಕ್ಕೇ. ‘ಲೂಸ್ ಕನೆಕ್ಷನ್’ ಅಂತ ತಳ್ಳಿಹಾಕಬೇಡಿ, ಮೊದಲು ಮಟ್ಟ ನೋಡಿ.

ಮಟ್ಟ ಸರಿಯಾಗೇ ಇದೆ, ದೀಪ ಮಾತ್ರ ಉರಿಯುತ್ತಿದೆ ಅಂದರೆ ಡಬ್ಬಿಯ ಕನೆಕ್ಟರ್ ತೆಗೆದು ನೋಡಿ. ತೆಗೆದ ತಕ್ಷಣ ಆರಿದರೆ ಫ್ಲೋಟ್ ಕೆಳಗೆ ಸಿಕ್ಕಿಕೊಂಡಿದೆ, ಇಲ್ಲವೇ ಅದರೊಳಗೇ ಆಯಿಲ್ ನುಗ್ಗಿ ತೇಲುತ್ತಿಲ್ಲ. ವಾಟರ್ ಸರ್ವೀಸ್ ಮಾಡಿಸಿದ ದಿನವೇ ಶುರುವಾದರೆ ಕನೆಕ್ಟರಿನಲ್ಲಿ ನೀರು ಕೂತಿರಬಹುದು, ಒಣಗಿಸಿ ನೋಡಿ. ನೋಡಿದ ಮೇಲೆ ಮತ್ತೆ ಹಾಕಲು ಮರೆಯಬೇಡಿ.

ಹಂತ 4: ಆಯಿಲ್ ಕಡಿಮೆಯಾಗಿದ್ದರೆ ಪ್ಯಾಡ್ ನೋಡಿ

ಪ್ಯಾಡ್ ಸವೆದಷ್ಟೂ ಕ್ಯಾಲಿಪರಿನ ಪಿಸ್ಟನ್ ಮುಂದಕ್ಕೆ ಬರುತ್ತದೆ. ಅದರ ಹಿಂದೆ ಉಂಟಾದ ಜಾಗವನ್ನು ತುಂಬಲು ಡಬ್ಬಿಯಿಂದ ಆಯಿಲ್ ಇಳಿಯುತ್ತದೆ. ಹಾಗಾಗಿ ಎರಡು ವರ್ಷದಲ್ಲಿ ನಿಧಾನವಾಗಿ ಮ್ಯಾಕ್ಸಿನಿಂದ ಮಿನ್ ಕಡೆ ಇಳಿದರೆ ಅದು ಸೋರಿಕೆಯಲ್ಲ, ಪ್ಯಾಡ್ ಮುಗಿಯುತ್ತಾ ಬಂದಿದೆ ಅಂತ ಗಾಡಿಯೇ ಹೇಳುತ್ತಿದೆ. ಅಲಾಯ್ ವೀಲ್ ಆದರೆ ಕಡ್ಡಿಗಳ ಸಂದಿಯಿಂದ ಟಾರ್ಚ್ ಬಿಟ್ಟರೆ ಪ್ಯಾಡ್ ಕಾಣುತ್ತದೆ. ಸ್ಟೀಲ್ ವೀಲ್ ಆದರೆ ಚಕ್ರ ಬಿಚ್ಚುವುದೇ ವಾಸಿ. ಹಿಂದಿನ ತಗಡಿನ ಪ್ಲೇಟ್ ಬಿಟ್ಟು ಬರೀ ಉಜ್ಜುವ ಭಾಗ ಎಷ್ಟು ದಪ್ಪ ಇದೆ ನೋಡಿ. ಹೊಸದರಲ್ಲಿ ಸುಮಾರು 10 ಮಿಲಿಮೀಟರ್ ಇರುತ್ತದೆ, 3ರ ಹತ್ತಿರ ಬಂದರೆ ಬದಲಿಸಿ. ಒಳಗಿನ ಪ್ಯಾಡನ್ನೂ ನೋಡಿ, ಅದು ಹೊರಗಿನದಕ್ಕಿಂತ ಮೊದಲೇ ಸವೆದಿರುವುದು ಉಂಟು.

ಹೆಚ್ಚಿನ ಗಾಡಿಗಳ ಪ್ಯಾಡಿಗೆ ಒಂದು ತಗಡಿನ ನಾಲಿಗೆ ಇರುತ್ತದೆ. ಸವೆದಾಗ ಅದು ಡಿಸ್ಕಿಗೆ ತಾಗಿ ಕೀರಲು ಸದ್ದು ಮಾಡುತ್ತದೆ. ಆ ಸದ್ದು ಹೋಗಿ ಗರಗರ ಅಂತ ಕೊರೆಯುವ ಸದ್ದು ಶುರುವಾದರೆ ಈಗ ಡಿಸ್ಕೂ ಹಾಳಾಗುತ್ತಿದೆ ಅಂತ. ದುಬಾರಿ ಯುರೋಪಿಯನ್ ಕಾರುಗಳಲ್ಲಿ ಪ್ಯಾಡಿಗೇ ವೈರ್ ಸೆನ್ಸರ್ ಇದ್ದು, ಅದಕ್ಕೆ ಬೇರೆ ಲೈಟ್ ಬರುತ್ತದೆ.

ಈಗ ಗೊತ್ತಾಯಿತಲ್ವಾ, ಪ್ಯಾಡ್ ಸವೆದಿರುವಾಗ ಆಯಿಲ್ ಟಾಪ್‌ಅಪ್ ಮಾಡಿಸಿದರೆ ಏನು ತಪ್ಪು ಅಂತ? ಕೊನೇ ಎಚ್ಚರಿಕೆ ನಿಮ್ಮ ಕೈಯಿಂದಲೇ ಆರಿಹೋಯಿತು. ಆಮೇಲೆ ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ಒತ್ತುತ್ತಾರೆ, ಅಷ್ಟೂ ಆಯಿಲ್ ಡಬ್ಬಿಗೆ ವಾಪಸ್ ಬಂದು ಉಕ್ಕಿ ಚೆಲ್ಲುತ್ತದೆ. ಚೆಲ್ಲಿದ ಕಡೆ ಪೇಂಟ್ ಎದ್ದು ಬರುತ್ತದೆ.

ಹಂತ 5: ಪ್ಯಾಡ್ ಚೆನ್ನಾಗಿದೆ, ಆದರೂ ಆಯಿಲ್ ಇಳಿದಿದೆ

ಹಾಗಾದರೆ ಸೋರಿಕೆ. ಇಲ್ಲಿಂದ ಮುಂದೆ ಗಾಡಿ ಓಡಿಸಬೇಡಿ, ನಿಲ್ಲಿಸಿ ಹುಡುಕಿ. ರಾತ್ರಿ ನಾಲ್ಕೂ ಚಕ್ರದ ಕೆಳಗೆ, ಇಂಜಿನ್ ಕೆಳಗೆ ಹಳೇ ಪೇಪರ್ ಹಾಸಿ. ಬೆಳಿಗ್ಗೆ ಕಲೆ ಎಲ್ಲಿದೆ ನೋಡಿ. ಎಡಗಡೆ ಮುಂದೆ ಬರೀ ನೀರು ತೊಟ್ಟಿಕ್ಕಿದ್ದರೆ ಅದು ಎಸಿ ನೀರು, ಹೆದರಬೇಡಿ. ಬ್ರೇಕ್ ಆಯಿಲ್ ಬೆರಳಿಗೆ ಜಾರುತ್ತದೆ, ಹೊಸದಾದರೆ ತಿಳಿ ಜೇನಿನ ಬಣ್ಣ, ಹಳೆಯದಾದರೆ ಡಿಕಾಕ್ಷನ್ ಬಣ್ಣ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಕಣ್ಣಿಗೆ ತಾಗಿಸಿಕೊಳ್ಳಬೇಡಿ.

ಸಾಮಾನ್ಯವಾಗಿ ಸೋರುವ ಜಾಗಗಳು ಇವು. ಹಿಂದಿನ ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್: ಟೈರಿನ ಒಳಬದಿಯಲ್ಲಿ ಒದ್ದೆ ಗೆರೆ ಇಳಿದಿರುತ್ತದೆ. ಚಕ್ರಕ್ಕೆ ಹೋಗುವ ರಬ್ಬರ್ ಹೋಸ್: ಬಗ್ಗಿಸಿ ನೋಡಿದರೆ ಬಿರುಕು ಕಾಣುತ್ತದೆ. ಕರಾವಳಿಯ ಗಾಡಿಗಳಲ್ಲಿ ಉಪ್ಪು ಗಾಳಿಗೆ ಅಡಿಯ ಕಬ್ಬಿಣದ ಪೈಪ್ ತುಕ್ಕು ತಿಂದಿರುವುದೂ ಇದೆ. ಇನ್ನು ಪೆಡಲ್ ತುಳಿದಾಗ ಆಯಿಲನ್ನು ಪೈಪುಗಳಿಗೆ ನೂಕುವ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋದರೆ ಆಯಿಲ್ ಬೂಸ್ಟರಿನೊಳಗೆ ಇಳಿಯುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಮೆಕ್ಯಾನಿಕ್ಕುಗಳನ್ನೂ ಸುತ್ತಾಡಿಸುವುದು ಇದೇ.

ಬಹಳ ಜನ ಮರೆಯುವುದು ಕ್ಲಚ್ಚನ್ನು. ಹೈಡ್ರಾಲಿಕ್ ಕ್ಲಚ್ ಇರುವ ಎಷ್ಟೋ ಕಾರುಗಳಲ್ಲಿ ಕ್ಲಚ್ಚಿಗೂ ಇದೇ ಡಬ್ಬಿಯಿಂದ ಆಯಿಲ್ ಹೋಗುತ್ತದೆ. ನಾಲ್ಕು ಚಕ್ರವೂ ಒಣಗಿದೆ, ಆದರೆ ಇತ್ತೀಚೆಗೆ ಗೇರ್ ಬೀಳುವುದು ಕಷ್ಟವಾಗಿದೆ, ಕ್ಲಚ್ ಪೆಡಲ್ ಮೆತ್ತಗಾಗಿದೆ ಅನ್ನಿಸಿದರೆ ಸೋರಿಕೆ ಅಲ್ಲಿರಬಹುದು.

ಪೆಡಲ್ ಪರೀಕ್ಷೆ

ಇದಕ್ಕೆ ಟೂಲ್ ಬೇಡ. ಇಂಜಿನ್ ಆಫ್ ಇರುವಾಗ ಪೆಡಲನ್ನು ಗಟ್ಟಿಯಾಗುವ ತನಕ ನಾಲ್ಕೈದು ಸಲ ತುಳಿಯಿರಿ. ಕಾಲು ಒತ್ತಿಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದು ನಿಂತರೆ ಬೂಸ್ಟರ್ ಚೆನ್ನಾಗಿದೆ. ಹಾಗೇ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಿಧಾನವಾಗಿ ಕೆಳಗೆ ಜಾರುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರಿನ ಒಳ ಸೀಲ್ ಹೋಗಿದೆ. ಒಳ ಸೀಲ್ ಹೋದಾಗ ಆಯಿಲ್ ಕಡಿಮೆಯಾಗುವುದೇ ಇಲ್ಲ, ದೀಪವೂ ಬರುವುದಿಲ್ಲ, ನಿಮ್ಮ ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನೊಳಗೆ ಗಾಳಿ ಸೇರಿದೆ.

ಎಬಿಎಸ್ ಹಳದಿ ಲೈಟ್ ಬಗ್ಗೆ ಎರಡು ಮಾತು

ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ, ಆದ್ದರಿಂದ ಈ ದೀಪ ಈಗ ಸಣ್ಣ ಕಾರುಗಳಲ್ಲೂ ಇದೆ. ಪ್ರತಿ ಚಕ್ರದ ಹತ್ತಿರ ವೇಗ ಅಳೆಯುವ ಒಂದು ಸೆನ್ಸರ್ ಇರುತ್ತದೆ. ಅದಕ್ಕೆ ಕೆಸರು ಮೆತ್ತಿಕೊಂಡರೆ, ವೀಲ್ ಬೇರಿಂಗ್ ಸಡಿಲವಾದರೆ, ಬ್ಯಾಟರಿ ವೋಲ್ಟೇಜ್ ಬಿದ್ದರೆ ದೀಪ ಬರುತ್ತದೆ. ಇಲಿಯನ್ನಂತೂ ಮರೆಯಲೇಬೇಡಿ, ಮರದ ಕೆಳಗೋ ಖಾಲಿ ಸೈಟ್ ಪಕ್ಕದಲ್ಲೋ ನಿಲ್ಲಿಸುವ ಗಾಡಿಯಾದರೆ ಮೊದಲು ವೈರ್ ಕಡಿದಿದೆಯಾ ನೋಡಿ. ಆನ್‌ಲೈನಿನಲ್ಲಿ ಸಿಗುವ ಕಾರಿಗೆ ಸಿಕ್ಕಿಸಿ ದೋಷದ ಕೋಡ್ ಓದುವ ಅಗ್ಗದ ಓಬಿಡಿ ಅಡಾಪ್ಟರ್‌ಗಳಲ್ಲಿ ಬಹುಪಾಲು ಇಂಜಿನ್ ಕೋಡ್ ಮಾತ್ರ ಓದುತ್ತವೆ, ಎಬಿಎಸ್ ಓದುವ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಿ. ಯಾವ ಚಕ್ರದ ಸೆನ್ಸರ್ ಅಂತ ಅದೇ ಹೇಳುತ್ತದೆ.

ದೀಪ ಹೇಳದ ಸಂಗತಿ

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ 4 ಗುಣಮಟ್ಟದ ಪ್ರಕಾರ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ನೀರು ಸೇರಿದ ಮೇಲೆ ಈ ಮಿತಿ 155ಕ್ಕೆ ಬರುತ್ತದೆ. ಡಾಟ್ 3ರಲ್ಲಿ 205 ಮತ್ತು 140. ಆಗುಂಬೆ, ಶಿರಾಡಿ, ನಂದಿಬೆಟ್ಟ ಇಳಿಯುವಾಗ ಉದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟರೆ ಆ ಬಿಸಿ ಬರುವುದು ಕಷ್ಟವಲ್ಲ. ಆಯಿಲ್ ಕುದ್ದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಡಬ್ಬಿಯಲ್ಲಿ ಮಟ್ಟ ಮಾತ್ರ ಸರಿಯಾಗೇ ಇರುತ್ತದೆ, ಮೀಟರ್ ಬೋರ್ಡಿನಲ್ಲಿ ಒಂದು ದೀಪವೂ ಹತ್ತಿರುವುದಿಲ್ಲ. ಅದಕ್ಕೇ ಹತ್ತುವ ಗೇರಿನಲ್ಲೇ ಇಳಿಯಿರಿ ಅಂತ ಹಳೇ ಡ್ರೈವರುಗಳು ಹೇಳುವುದು. ವಾಸನೆ ಬಂದರೆ ನಿಲ್ಲಿಸಿ ಆರಲು ಬಿಡಿ. ಚಾರ್ಮಾಡಿಯಲ್ಲಾದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯಲು ಶುರು ಮಾಡಿ, ಆತುರ ಇಲ್ಲದ ಕಾಲು ಬ್ರೇಕ್ ಕಡಿಮೆ ತುಳಿಯುತ್ತದೆ. ಬಿಸಿ ಡಿಸ್ಕಿಗೆ ನೀರು ಮಾತ್ರ ಎರಚಬೇಡಿ, ಸೊಟ್ಟಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ.

ಮ್ಯಾನುಯಲ್ಲಿನಲ್ಲಿ ಎಷ್ಟು ದಿನಕ್ಕೆ ಅಂತ ಬರೆದಿದೆಯೋ ಅಷ್ಟಕ್ಕೆ ಆಯಿಲ್ ಪೂರ್ತಿ ಬದಲಿಸಿ. ಹಲವು ಗಾಡಿಗಳಿಗೆ ಅದು ಎರಡು ವರ್ಷ ಅಥವಾ 40,000 ಕಿಲೋಮೀಟರ್.

ಆಯಿಲ್ ಹಾಕಲೇಬೇಕಾದರೆ, ಗ್ಯಾರೇಜಿನಲ್ಲಿ

ಪ್ಯಾಡ್ ನೋಡಿ, ಸೋರಿಕೆ ಇಲ್ಲ ಅಂತ ಖಚಿತವಾದ ಮೇಲೆ ಟಾಪ್‌ಅಪ್ ತಪ್ಪಲ್ಲ. ಮುಚ್ಚಳದ ಸುತ್ತ ಬಟ್ಟೆಯಿಂದ ಒರೆಸಿ ಆಮೇಲೆ ತೆಗೆಯಿರಿ. ಸೀಲ್ ಒಡೆಯದ ಹೊಸ ಬಾಟಲಿಯನ್ನೇ ತನ್ನಿ, ಮೂಲೆಯಲ್ಲಿ ಅರ್ಧ ಉಳಿದಿದ್ದು ಬೇಡ. ಮುಚ್ಚಳದ ಮೇಲೆ ಬರೆದ ಗ್ರೇಡ್ ಹಾಕಿ. ಡಾಟ್ 5 ಸಿಲಿಕೋನಿನದು, ಅದನ್ನು ಬೇರೆಯವುಗಳ ಜೊತೆ ಬೆರೆಸಬಾರದು. ಇಂಜಿನ್ ಆಯಿಲ್, ಸ್ಟೇರಿಂಗ್ ಆಯಿಲ್ ಒಂದು ಹನಿ ಬಿದ್ದರೂ ರಬ್ಬರ್ ಸೀಲುಗಳು ಉಬ್ಬಿ ಇಡೀ ಬ್ರೇಕ್ ವ್ಯವಸ್ಥೆಯೇ ಹಾಳಾಗುತ್ತದೆ.

ಗ್ಯಾರೇಜಿನವರಿಗೆ ‘ಲೈಟ್ ಆರಿಸಿ’ ಅನ್ನಬೇಡಿ. ‘ಆಯಿಲ್ ಇಷ್ಟು ಇಳಿದಿದೆ, ಎಲ್ಲಿಗೆ ಹೋಗಿದೆ ನೋಡಿ, ಹಿಂದಿನ ಡ್ರಮ್ಮೂ ಬಿಚ್ಚಿ’ ಅನ್ನಿ. ಬಿಚ್ಚಿದಾಗ ಪಕ್ಕದಲ್ಲೇ ನಿಂತು ನೋಡಿ, ಹಳೇ ಪ್ಯಾಡ್ ಕೇಳಿ ತೆಗೆದುಕೊಳ್ಳಿ. ಪೈಪ್, ಸಿಲಿಂಡರ್ ಏನೇ ಬಿಚ್ಚಿದರೂ ಕೊನೆಗೆ ಏರ್ ತೆಗೆಯಲೇಬೇಕು. ಪ್ಯಾಡ್ ಬದಲಿಸಿದ ಮೇಲೆ ಮೊದಲ ತುಳಿತಕ್ಕೆ ಪೆಡಲ್ ನೆಲ ಮುಟ್ಟುತ್ತದೆ, ಆದ್ದರಿಂದ ಗೇರ್ ಹಾಕುವ ಮೊದಲೇ ಗಟ್ಟಿಯಾಗುವವರೆಗೆ ತುಳಿಯಿರಿ, ಗ್ಯಾರೇಜಿನ ಅಂಗಳದಲ್ಲೇ ಒಂದು ಸುತ್ತು ಹೊಡೆದು ನಿಲ್ಲಿಸಿ ನೋಡಿ, ಆಮೇಲೆ ರಸ್ತೆಗೆ ಇಳಿಯಿರಿ. ಡಬ್ಬಿಯ ಮೇಲೆ ಇವತ್ತಿನ ಮಟ್ಟಕ್ಕೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ, ವಾರ ಬಿಟ್ಟು ಬಾನೆಟ್ ಎತ್ತಿ ನೋಡಿ. ಗೆರೆಗಿಂತ ಕೆಳಗೆ ಹೋಗಿದ್ದರೆ ಅದೇ ಗ್ಯಾರೇಜಿಗೆ ವಾಪಸ್.